ಇ. ಕೋಲಿ ಕೈಯಲ್ಲಿ ಐಸೊಬ್ಯುಟನಾಲ್ ಮಾಡಿಸೋದು ಹೀಗೆ
ಎಲ್ಲರಿಗೂ ನಮಸ್ಕಾರ. ಸ್ಕ್ರೀನ್ ಮೇಲಿರೋದು 250 ಎಂಎಲ್ ಫ್ಲಾಸ್ಕ್, ಒಳಗೆ 20 ಎಂಎಲ್ ಮಾತ್ರ ಮೀಡಿಯಾ, ಅಂದ್ರೆ ಪೋಷಕಾಂಶ ಇರೋ ದ್ರವ. ಅದರಲ್ಲಿ ಬೆಳೀತಿರೋ ಇ. ಕೋಲಿ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಐಸೊಬ್ಯುಟನಾಲ್ ಅನ್ನೋ, ಇಂಧನವಾಗಬಲ್ಲ ಆಲ್ಕೋಹಾಲ್ ಮಾಡ್ತಿದೆ. ಎಥನಾಲ್ ಲೀಟರಿಗೆ ಸುಮಾರು 21 ಮೆಗಾಜೂಲ್ ಶಕ್ತಿ ಕೊಟ್ರೆ ಇದು 26 ದಾಟುತ್ತೆ, ನೀರನ್ನೂ ಅಷ್ಟು ಹೀರಲ್ಲ.

2008ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಲಿಯಾವೋ ತಂಡ ಇದನ್ನ ಮಾಡಿ ತೋರಿಸ್ತು. ಇ. ಕೋಲಿ ಹೇಗೂ ವ್ಯಾಲೀನ್ ಅನ್ನೋ ಅಮೈನೋ ಆಮ್ಲ ತಯಾರಿಸುತ್ತೆ. ಅದಕ್ಕೆ ಒಂದು ಹೆಜ್ಜೆ ಮುಂಚೆ ಸಿಗೋ ಕೀಟೊಐಸೊವ್ಯಾಲರೇಟನ್ನ ಇವರು ಪಕ್ಕಕ್ಕೆ ತಿರುಗಿಸಿದ್ರು. ಇನ್ನೊಂದು ಬ್ಯಾಕ್ಟೀರಿಯಾ ಲ್ಯಾಕ್ಟೊಕಾಕಸ್‌ನ ಕಿವ್‌ಡಿ ಕಿಣ್ವ ಅದರಿಂದ ಕಾರ್ಬನ್ ಡೈಆಕ್ಸೈಡ್ ಕಿತ್ತು ಐಸೊಬ್ಯುಟಿರಾಲ್ಡಿಹೈಡ್ ಮಾಡುತ್ತೆ, ಯೀಸ್ಟಿನ ಎಡಿಎಚ್2 ಕಿಣ್ವ ಅದನ್ನ ಆಲ್ಕೋಹಾಲ್ ಮಾಡುತ್ತೆ. ಮೇಲಿಂದ, ಗ್ಲೂಕೋಸ್ ಒಡೆದು ಬರೋ ಪೈರುವೇಟ್ ಜೋರಾಗಿ ಹರಿದು ಬರಲಿ ಅಂತ ಮತ್ತೊಂದು ಬ್ಯಾಕ್ಟೀರಿಯಾ ಬ್ಯಾಸಿಲಸ್ ಸಬ್ಟಿಲಿಸ್‌ನ ಆಲ್ಸ್‌ಎಸ್ ಕಿಣ್ವ ಸೇರಿಸಿದ್ರು, ಲ್ಯಾಕ್ಟೇಟ್, ಅಸಿಟೇಟ್, ಎಥನಾಲ್ ಕಡೆಗೆ ಸಕ್ಕರೆ ಸೋರಿಸೋ ಜೀನ್‌ಗಳನ್ನ ತೆಗೆದ್ರು. ಲೀಟರಿಗೆ ಸುಮಾರು 22 ಗ್ರಾಂ ಸಿಕ್ತು, ಗರಿಷ್ಠ ಇಳುವರಿಯ ಶೇ. 86. ಆ ಗರಿಷ್ಠ ಅಂದ್ರೆ ಗ್ರಾಂ ಗ್ಲೂಕೋಸಿಗೆ 0.41 ಗ್ರಾಂ.

ಮೀಡಿಯಾ ಎಂ9 ಅನ್ನೋ ಲವಣ ದ್ರಾವಣ, ಜೊತೆಗೆ ಶೇ. 3.6 ಗ್ಲೂಕೋಸ್, ಶೇ. 0.5 ಯೀಸ್ಟ್ ಎಕ್ಸ್‌ಟ್ರಾಕ್ಟ್. ರಾತ್ರಿ ಬೆಳೆಸಿದ ಕಲ್ಚರ್ ಶೇ. 1 ಹಾಕಿ, ಸೇರಿಸಿದ ಜೀನ್‌ಗಳನ್ನ ಚಾಲೂ ಮಾಡೋ ಐಪಿಟಿಜಿ 0.1 ಮಿಲಿಮೋಲಾರ್, 30 ಡಿಗ್ರಿ. ಮುಚ್ಚಳ ಹತ್ತಿಯದ್ದಾಗಬಾರದು, ಬಿಗಿಯಾದ ಸ್ಕ್ರೂ ಕ್ಯಾಪೇ ಬೇಕು. ಆಲ್ಡಿಹೈಡ್ 64 ಡಿಗ್ರಿ ಸುಮಾರಿಗೇ ಕುದಿಯೋ ವಸ್ತು, ಎಡಿಎಚ್ ನಿಧಾನವಾದ್ರೆ ಗಾಳಿಗೆ ಹಾರಿಹೋಗುತ್ತೆ. ಆಮೇಲೆ ನೋಡಿದ್ರೆ ಸಕ್ಕರೆ ಖಾಲಿ, ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ, ಆವಿಯಾಗೋ ವಸ್ತುಗಳನ್ನ ಅಳೆಯೋ ವಿಧಾನ) ಗ್ರಾಫಲ್ಲಿ ಇಂಧನವೂ ಇಲ್ಲ! ಹಾಗಾಗಿ ಕೋಶ ಹಾಕದೆ, ಗೊತ್ತಿರೋ ಪ್ರಮಾಣದ ಐಸೊಬ್ಯುಟನಾಲ್ ಹಾಕಿದ ಫ್ಲಾಸ್ಕ್ ಒಂದನ್ನ ಪಕ್ಕದಲ್ಲೇ ಇಡಿ. ಐಸೊಬ್ಯುಟನಾಲಿನ ಆವಿ ನಷ್ಟ ಎಷ್ಟು ಅಂತ ಅದೇ ಹೇಳುತ್ತೆ.

ನನ್ನ ಪ್ರಕಾರ ಎಲ್ಲರೂ ಕಡೆಗಣಿಸೋದು ಕೋಫ್ಯಾಕ್ಟರ್ ಲೆಕ್ಕ, ಅಂದ್ರೆ ಕಿಣ್ವಗಳಿಗೆ ಎಲೆಕ್ಟ್ರಾನ್ ತಂದುಕೊಡೋ ಎನ್‌ಎಡಿಎಚ್, ಎನ್‌ಎಡಿಪಿಎಚ್ ಅಣುಗಳ ಲೆಕ್ಕ. ಗ್ಲೂಕೋಸ್ ಒಡೆದಾಗ ಬರೋದು ಎರಡು ಎನ್‌ಎಡಿಎಚ್. ಐಎಲ್‌ವಿಸಿ (ಕೀಟೊಐಸೊವ್ಯಾಲರೇಟ್ ಮಾಡೋ ದಾರಿಯ ಕಿಣ್ವ) ಕೇಳೋದು ಮಾತ್ರ ಎನ್‌ಎಡಿಪಿಎಚ್. ಆಕ್ಸಿಜನ್ ಇದ್ರೆ ಕೋಶ ಹೇಗೋ ನಿಭಾಯಿಸುತ್ತೆ, ಇಲ್ಲದಿದ್ರೆ ಉತ್ಪಾದನೆ ಕುಸಿಯುತ್ತೆ. 2011ರಲ್ಲಿ ಕ್ಯಾಲ್‌ಟೆಕ್‌ನ ಫ್ರಾನ್ಸಿಸ್ ಅರ್ನಾಲ್ಡ್ ತಂಡ ಆ ಕಿಣ್ವವನ್ನೇ ತಿದ್ದಿ ಎನ್‌ಎಡಿಎಚ್‌ಗೆ ಒಗ್ಗಿಸಿತು. ಗಾಳಿಯಿಲ್ಲದೆಯೂ ಇಳುವರಿ ಗರಿಷ್ಠ ಮುಟ್ಟಿತು.

ಇನ್ನು ವಿಷದ ಸಮಸ್ಯೆ. ಐಸೊಬ್ಯುಟನಾಲ್ ಲೀಟರಿಗೆ 8 ಗ್ರಾಂ ಸುಮಾರಿಗೆ ಬಂದ್ರೆ ಬೆಳವಣಿಗೆ ಮಂಕಾಗುತ್ತೆ. ಫರ್ಮೆಂಟರ್‌ನಲ್ಲಿ ಗಾಳಿ ಹಾಯಿಸಿ, ಹೊರಬರೋ ಆವಿಯನ್ನ ಕಂಡೆನ್ಸರಲ್ಲಿ ತಣಿಸಿ ತೆಗೀತಾ ಹೋಗ್ಬೇಕು. ಹೀಗೆ ಮಾಡಿ 1 ಲೀಟರ್ ಫರ್ಮೆಂಟರ್‌ನಲ್ಲಿ 72 ಗಂಟೆಗೆ ಲೀಟರಿಗೆ 50 ಗ್ರಾಂ ತೆಗೆದಿದ್ದಾರೆ.