ಬೀಗ ಹಾಕಿದ ಗವಿಯ ಊರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಗಿಲು ಮುಚ್ಚಿದೆ ಅಂತ ಗೊತ್ತಿದ್ದೂ ಒಂದು ಜಾಗ ನೋಡಲು ಹೋದವನು ನಾನು. ಮುಚ್ಚಿದ್ದು ನಿನ್ನೆ ಮೊನ್ನೆ ಅಲ್ಲ, 1963ರಲ್ಲಿ. ಫ್ರಾನ್ಸಿನ ನೈರುತ್ಯ ಭಾಗದಲ್ಲಿ ವೆಜೇರ್ ಅಂತ ಒಂದು ಸಣ್ಣ ನದಿ ಇದೆ. ಅದರ ಪಕ್ಕದ ಗುಡ್ಡದಲ್ಲಿರುವ, ಹಿಮಯುಗದ ಜನ ಗೋಡೆಗೆ ಪ್ರಾಣಿಗಳ ಚಿತ್ರ ಬರೆದಿಟ್ಟ ಲಾಸ್ಕೋ ಗವಿ ಅದು.

ಮಗಳು ತುಲೂಸ್ ನಗರದಲ್ಲಿ ಕೆಲಸದಲ್ಲಿದ್ದಾಳೆ. ಪ್ಯಾರಿಸ್ ತೋರಿಸ್ತೀನಿ ಬಾ ಅಪ್ಪಾ ಅಂದಳು. ನಾನು ಹಳ್ಳಿ ಕಡೆ ಕರೆದುಕೊಂಡು ಹೋಗು ಅಂದೆ. ನಾನು ಬಳ್ಳಾರಿ ಕಡೆಯವನು. ನಮ್ಮ ಕಪ್ಪಗಲ್ಲು, ಸಂಗನಕಲ್ಲು ಗುಡ್ಡದ ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳಿವೆ. ಶಿಲಾಯುಗದವರು ಕಲ್ಲಿನಿಂದ ಕುಟ್ಟಿ ಮೂಡಿಸಿದವು. ಹುಡುಗರಾಗಿದ್ದಾಗ ಅವುಗಳ ಮೇಲೆಯೇ ಕೂತು ಕಡಲೆಕಾಯಿ ತಿಂದಿದ್ದೇವೆ. ಏನು ಅಂತ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ. ಹಾಗಾಗಿ ಬಂಡೆ ಮೇಲಿನ ಎತ್ತು ಅಂದರೆ ನನಗೆ ಸ್ವಲ್ಪ ಜಾಸ್ತಿ ಆಸೆ.

ತುಲೂಸ್‌ನಿಂದ ಕಾರಿನಲ್ಲಿ ಉತ್ತರಕ್ಕೆ ಹೊರಟೆವು. ಈ ಕಡೆಗೆ ಬರುವವರಿಗೆ ಒಂದು ಮಾತು. ಹಳ್ಳಿಗಳಿಗೆ ಬಸ್ಸು ಕಡಿಮೆ, ಸ್ವಂತ ಗಾಡಿ ಇಲ್ಲದಿದ್ದರೆ ಕಷ್ಟ. ಇನ್ನೊಂದು ವಿಷಯ ಊಟದ್ದು. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಅಷ್ಟೇ. ಎರಡಾಯಿತೋ, ಅಡುಗೆಮನೆಯ ಒಲೆ ಆರಿತು ಅಂತಲೇ ಲೆಕ್ಕ. ಮೊದಲ ದಿನ ಎರಡೂ ಕಾಲಿಗೆ ಹೋಗಿ, ಬಿಸ್ಕತ್ತು ತಿಂದು ಮಲಗಿದೆವು. ಅದೂ ಬಾತುಕೋಳಿಯ ನಾಡು. ಊಟದ ಪಟ್ಟಿ ತೆಗೆದರೆ ಮೇಲಿನಿಂದ ಕೆಳಗಿನವರೆಗೆ ಬಾತುಕೋಳಿಯೇ. ನನ್ನಂಥ ಸಸ್ಯಾಹಾರಿಯನ್ನು ಕಾಪಾಡಿದ್ದು ಅಲ್ಲಿನ ಅಕ್ರೋಟು, ಮೇಕೆ ಹಾಲಿನ ಪುಟ್ಟ ಪುಟ್ಟ ಚೀಸ್ ಬಿಲ್ಲೆ, ಸೊಪ್ಪು. ಅಕ್ರೋಟಿನ ಎಣ್ಣೆ ಹಾಕಿ ಕಲಸಿ ಕೊಡುತ್ತಾರೆ. ಮೂರು ದಿನ ಅದೇ ತಿಂದೆ, ಬೇಸರ ಬರಲಿಲ್ಲ.

ವೆಜೇರ್ ಕಣಿವೆ ನೋಡಲು ಸೌಮ್ಯ. ನದಿಯ ಅಂಚಿನಲ್ಲಿ ಅಕ್ರೋಟಿನ ತೋಪು, ಮೇಲೆ ಓಕ್ ಮರಗಳ ಕಾಡು, ನಡುವೆ ಸುಣ್ಣಕಲ್ಲಿನ ಎತ್ತರದ ಬಂಡೆಗೋಡೆ. ಆ ಕಲ್ಲಿನಲ್ಲಿ ಗಟ್ಟಿ ಪದರ, ಮೆತ್ತನೆ ಪದರ ಎರಡೂ ಇವೆ. ಸಾವಿರಾರು ವರ್ಷದ ಚಳಿ, ಮಂಜು ಸೇರಿ ಮೆತ್ತನೆಯದನ್ನು ಉದುರಿಸಿವೆ. ಮೇಲಿನ ಗಟ್ಟಿ ಪದರ ಸೂರಿನ ಹಾಗೆ ಮುಂದಕ್ಕೆ ಚಾಚಿ ನಿಂತಿದೆ. ಕೆಳಗೆ ನೆರಳು, ಎದುರಿಗೆ ನೀರು, ಮೈಮೇಲೆ ಬಿಸಿಲು. ಮನುಷ್ಯನಿಗೆ ಇನ್ನೇನು ಬೇಕು? ಹಿಮಯುಗದಲ್ಲೂ ಅಲ್ಲಿ ಮನೆ ಮಾಡಿದರು, ಇವತ್ತೂ ಇದ್ದಾರೆ. ಲೇಜೇಜಿ ಅನ್ನುವ ಊರಿನಲ್ಲಿ ಕೆಲವು ಮನೆಗಳ ಹಿಂದಿನ ಗೋಡೆ ಅಂದರೆ ಆ ಬಂಡೆಯೇ.

ಇದೇ ಊರಿನಲ್ಲಿ 1868ರಲ್ಲಿ ರೈಲು ದಾರಿಯ ಕೆಲಸಕ್ಕೆ ನೆಲ ಅಗೆಯುವಾಗ ಹಳೇ ಮೂಳೆಗಳು ಸಿಕ್ಕವು. ಜಾಗದ ಹೆಸರು ಕ್ರೋಮಾನ್ಯೋ. ನಾವು ಶಾಲೆಯಲ್ಲಿ ಕ್ರೋಮ್ಯಾಗ್ನನ್ ಮಾನವ ಅಂತ ಉರು ಹೊಡೆದೆವಲ್ಲ, ಅದೇ. ಕ್ರೋ ಅಂದರೆ ಆ ಸೀಮೆಯ ಮಾತಿನಲ್ಲಿ ಪೊಟರೆ ಅಂತ ಅರ್ಥವಂತೆ. ಪರೀಕ್ಷೆಯಲ್ಲಿ ನನ್ನನ್ನು ಹೆದರಿಸಿದ್ದ ಹೆಸರಿನ ಹಿಂದೆ ಇದ್ದದ್ದು ಇಷ್ಟೇ.

ಈಗ ಲಾಸ್ಕೋ ವಿಷಯ. 1940ರ ಸೆಪ್ಟೆಂಬರ್. ಜೂನ್‌ನಲ್ಲಷ್ಟೇ ಜರ್ಮನಿಯ ಎದುರು ಫ್ರಾನ್ಸ್ ಸೋತಿತ್ತು. ಮೋಂತಿನ್ಯಾಕ್ ಊರಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಮಾರ್ಸೆಲ್ ರಾವಿದಾ ಅನ್ನುವ ಹುಡುಗನಿಗೆ ಗುಡ್ಡದ ಮೇಲೆ, ಬಿದ್ದ ಮರದ ಬುಡದಲ್ಲಿ ಒಂದು ಬಿಲ ಕಂಡಿತು. ಹತ್ತಿರದ ಹಳೇ ಬಂಗಲೆಗೆ ಹೋಗುವ ಸುರಂಗ ಇರಬಹುದು, ನಿಧಿ ಇರಬಹುದು ಅಂತ ಆಸೆ. 12ನೇ ತಾರೀಖು ಮೂವರು ಹುಡುಗರ ಜೊತೆ ಮತ್ತೆ ಬಂದ. ಬಿಲ ಅಗಲ ಮಾಡಿ, ಜಾರಿ, ಬುಡ್ಡಿಯಂಥ ಒಂದು ದೀಪ ಹಿಡಿದು ಇಳಿದರು. ನಿಧಿ ಸಿಗಲಿಲ್ಲ. ತಲೆ ಮೇಲೆ ಎತ್ತುಗಳು ಓಡುತ್ತಿದ್ದವು.

ಹೇಳಿದರೆ ಮೇಷ್ಟ್ರು ಲೆಯೋನ್ ಲಾವಾಲ್ ಮೊದಲು ನಂಬಲಿಲ್ಲ. ಹುಡುಗರ ಕಿತಾಪತಿ ಅಂದುಕೊಂಡರು. ಯಾವ ಊರಿನ ಮೇಷ್ಟ್ರಾದರೂ ಹಾಗೇ ಅಲ್ವಾ? ಆಮೇಲೆ ಇಳಿದು ನೋಡಿ ಬೆರಗಾದರು. ನಾಲ್ವರಲ್ಲಿ ಜಾಕ್ ಮಾರ್ಸಾಲ್ ಗವಿಯ ಬಾಯಿಗೆ ಡೇರೆ ಹಾಕಿ ಕಾವಲು ಕೂತ. ಮುಂದೆ ಅವನೂ ರಾವಿದಾನೂ ಅಲ್ಲೇ ಜನರಿಗೆ ಗವಿ ತೋರಿಸುವ ಕೆಲಸ ಮಾಡಿದರು. ಎಲ್ಲರಿಗಿಂತ ಚಿಕ್ಕವನು ಸಿಮೋನ್ ಕೊಯೆನ್ಕಾಸ್, 13 ವರ್ಷ, ಯಹೂದಿ ಮನೆಯ ಹುಡುಗ. ಕೆಲವೇ ದಿನಕ್ಕೆ ಪ್ಯಾರಿಸ್‌ಗೆ ವಾಪಸಾದ. ಅವನ ತಂದೆ ತಾಯಿಯನ್ನು ಆಶ್ವಿಟ್ಸ್‌ಗೆ ಸಾಗಿಸಿ ಕೊಂದರು. ಅವನು ಉಳಿದ, 2020ರವರೆಗೆ ಬದುಕಿದ್ದ.

ಯುದ್ಧ ಮುಗಿದು, 1948ರಲ್ಲಿ ಗವಿಯನ್ನು ಜನರಿಗೆ ತೆರೆದರು. ಜಾತ್ರೆಯ ಹಾಗೆ ಜನ ಬಂದರು, ದಿನಕ್ಕೆ ಸಾವಿರದ ಮೇಲೆ. ಸುಮಾರು 17,000 ವರ್ಷ, ಇನ್ನೂ ಜಾಸ್ತಿ ಅನ್ನುವವರೂ ಇದ್ದಾರೆ, ಅಷ್ಟು ಕಾಲ ಕತ್ತಲಲ್ಲಿ ಹಾಗೇ ಉಳಿದಿದ್ದ ಬಣ್ಣ. 15 ವರ್ಷದಲ್ಲಿ ಕೆಡತೊಡಗಿತು. ಯಾರೂ ಗೀಚಲಿಲ್ಲ, ಕದಿಯಲಿಲ್ಲ. ಜನ ಉಸಿರಾಡಿದರು, ಅಷ್ಟೇ. ಉಸಿರಿನ ತೇವ, ಮೈಶಾಖ, ಇಂಗಾಲದ ಅನಿಲ, ಮೇಲೆ ವಿದ್ಯುತ್ ದೀಪ. ಗೋಡೆಗೆ ಹಸಿರು ಪಾಚಿ ಕಟ್ಟಿತು. ಬಿಳೀ ಸುಣ್ಣದ ಹೊಪ್ಪಳಿಕೆ ಎದ್ದಿತು. ಸಂಸ್ಕೃತಿ ಮಂತ್ರಿ ಆಂದ್ರೆ ಮಾಲ್ರೋ 1963ರ ಏಪ್ರಿಲ್‌ನಲ್ಲಿ ಮುಚ್ಚಿಸಿದರು. ಮುಚ್ಚಿದಮೇಲೂ ಕಾಟ ತಪ್ಪಲಿಲ್ಲ, 2001ರಲ್ಲಿ ಬೂಷ್ಟು ಹರಡಿ ಮತ್ತೆ ಗಾಬರಿ ಆಯಿತು.

ಹಾಗಾದರೆ ನಾವು ನೋಡುವುದೇನು? ನಕಲು. 1983ರಲ್ಲಿ ಅಸಲಿ ಗವಿಯಿಂದ 200 ಮೀಟರ್ ದೂರದಲ್ಲಿ ಎರಡು ಅಂಕಣಗಳ ಪ್ರತಿಯೊಂದನ್ನು ತೆರೆದರು. ಅದರ ಚಿತ್ರಗಳನ್ನು ಮೋನಿಕ್ ಪೇತ್ರಾಲ್ ಅನ್ನುವ ಕಲಾವಿದೆ ವರ್ಷಗಟ್ಟಲೆ ಕೂತು ಬರೆದರು. ಇನ್ನೂ ದೊಡ್ಡದೊಂದು ಪ್ರತಿ 2016ರಲ್ಲಿ ಗುಡ್ಡದ ಬುಡದಲ್ಲಿ ಆಯಿತು. ನಿಜ ಹೇಳುತ್ತೇನೆ, ಮೂಗು ಮುರಿದುಕೊಂಡೇ ಒಳಗೆ ಹೋದೆ. ಸಿಮೆಂಟು, ರಾಳ, ಪ್ಲಾಸ್ಟಿಕ್ಕು ನೋಡಲು ಇಷ್ಟು ದೂರ ಬರಬೇಕಿತ್ತಾ ಅಂತ. ಒಳಗೆ ತಣ್ಣಗಿತ್ತು. ಕಣ್ಣು ಹೊಂದಿಕೊಂಡಮೇಲೆ ಮೇಲೆ ನೋಡಿದೆ. ಐದು ಮೀಟರಿಗೂ ಉದ್ದದ ಒಂದು ಕಾಡೆತ್ತು. ಇವತ್ತಿನ ದನಗಳ ಮೂಲದ್ದು, 1627ರಲ್ಲಿ ಪೋಲೆಂಡಿನಲ್ಲಿ ಕೊನೆಯದೂ ಸತ್ತು ಆ ಕುಲವೇ ಮುಗಿಯಿತು. ಕಪ್ಪು ಗೆರೆಯಲ್ಲಿ ಬೆನ್ನು, ಕೊಂಬಿಗೆ ಒಂದು ತಿರುವು. ನಕಲು ಅನ್ನುವುದು ಮರೆತೇ ಹೋಯಿತು.

ಬಣ್ಣವೂ ಹೊಸದಲ್ಲ ನಮಗೆ. ಕೆಂಪು ಅಂದರೆ ಕಬ್ಬಿಣದಂಶದ ಮಣ್ಣು, ಅಂಗಳದಲ್ಲಿ ರಂಗೋಲಿಗೆ ಅಂಚು ಬಳಿಯುವ ಕೆಮ್ಮಣ್ಣಿನ ಬಳಗ. ಕಪ್ಪಿಗೆ ಮ್ಯಾಂಗನೀಸ್ ಅದಿರು. ನಮ್ಮ ಸಂಡೂರಿನಲ್ಲಿ ಅದನ್ನೂ ಲಾರಿಯಲ್ಲಿ ಹೊರುತ್ತಾರೆ! ಬೆಳಕಿಗೆ, ಕಲ್ಲಿನ ಹಣತೆಯಲ್ಲಿ ಪ್ರಾಣಿಯ ಕೊಬ್ಬು. ಕುಂಚ ಇತ್ತು, ಕೈಬೆರಳಿತ್ತು. ಕೆಲವು ಕಡೆ ಬಣ್ಣವನ್ನು ಬಾಯಿಂದ ಊದಿ ಗೋಡೆಗೆ ಹಿಡಿಸಿದ್ದಾರೆ.

ಮಾರನೆಯ ದಿನ ನದಿ ದಾಟಿ ದಕ್ಷಿಣಕ್ಕೆ ಹೋದೆವು. ದೋರ್ದೋನ್ ದೊಡ್ಡ ನದಿ, ವೆಜೇರ್ ಹೋಗಿ ಸೇರುವುದು ಅದನ್ನೇ. ಎರಡು ಗುಡ್ಡದ ಮೇಲೆ ಎರಡು ಕೋಟೆ, ಬೇನಾಕ್ ಮತ್ತು ಕಾಸ್ತೆಲ್ನೋ. ನೂರು ವರ್ಷದ ಯುದ್ಧದಲ್ಲಿ ಒಂದು ಫ್ರೆಂಚರ ಕಡೆ, ಇನ್ನೊಂದು ಇಂಗ್ಲಿಷರ ಕಡೆ. ಚಂದ ಇವೆ, ಫೋಟೋ ತೆಗೆದೆವು. ಲಾ ರೋಕ್ ಗಜಾಕ್ ಹಳ್ಳಿ ಬಂಡೆಗೆ ಅಂಟಿಕೊಂಡು ಜೇನುಗೂಡಿನ ಹಾಗಿದೆ. ಆದರೆ 1957ರಲ್ಲಿ ಅದೇ ಬಂಡೆ ಉರುಳಿ ಮೂವರು ಸತ್ತರು. ಸೂರು ಕೊಡುವ ಕಲ್ಲು ಅದೇ, ಬೀಳುವ ಕಲ್ಲೂ ಅದೇ. ಅಲ್ಲಿನ ಜನ ಎದ್ದು ಹೋಗಲಿಲ್ಲ.

ಕೊನೆಯ ದಿನಕ್ಕೆ ಅಂತ ಉಳಿಸಿಕೊಂಡಿದ್ದು ಫೋಂ ದ ಗೋಮ್. ಲೇಜೇಜಿ ಊರಿನ ಹೊರಗೇ ಇದೆ. ಇದು ಅಸಲಿ. ಹಲವು ಬಣ್ಣದ ಚಿತ್ರಗಳಿರುವ ಇಂಥ ಗವಿ ಫ್ರಾನ್ಸಿನಲ್ಲಿ ಇವತ್ತೂ ಜನರಿಗೆ ತೆರೆದಿರುವುದು ಇದೊಂದೇ. ದಿನಕ್ಕೆ ಬೆರಳೆಣಿಕೆಯ ಗುಂಪುಗಳು, ಗುಂಪಿಗೆ ಹತ್ತು ಹನ್ನೆರಡು ಜನ. ಊರ ಹುಡುಗರಿಗೆ ಈ ಗವಿ ಮೊದಲಿಂದ ಗೊತ್ತಿತ್ತು, ಹೆಸರು ಕೆತ್ತಿ ಆಟ ಆಡಿದ್ದರು. ಕಡಲೆಕಾಯಿ ತಿಂದ ನಾವು ಅವರನ್ನು ಬೈಯುವ ಹಾಗಿಲ್ಲ. 1901ರಲ್ಲಿ ಇಲ್ಲಿನ ಶಾಲಾ ಮೇಷ್ಟ್ರು ದೆನಿ ಪೇರೋನಿ ಕಣ್ಣಿಗೆ ಚಿತ್ರಗಳು ಬಿದ್ದವು. ಈ ಕಣಿವೆಯ ಮೇಷ್ಟ್ರುಗಳು ಸುಮ್ನೆ ಕೂತವರಲ್ಲ.

ಸಣ್ಣ ಏರು ಹತ್ತಿದರೆ ಗವಿಯ ಬಾಯಿ. ಚೀಲ ಹೊರಗೆ, ಗೋಡೆಗೆ ಕೈ ತಾಗಿಸಬಾರದು. ಒಬ್ಬರ ಹಿಂದೆ ಒಬ್ಬರು ಇಕ್ಕಟ್ಟಿನಲ್ಲಿ ನಡೆದೆವು. ಮೊದಲು ಕಂಡದ್ದು ಬರೀ ಕಲ್ಲು, ಅಲ್ಲಲ್ಲಿ ಕೆಂಪು ಕಲೆ. ಕರೆದೊಯ್ದ ಹೆಂಗಸು ಸಣ್ಣ ದೀಪವನ್ನು ಪಕ್ಕದಿಂದ ಹಿಡಿದರು. ಕಲ್ಲಿನ ಉಬ್ಬು ಬೈಸನ್‌ನ ತೊಡೆಯಾಯಿತು. ಬಿರುಕು ಬೆನ್ನಾಯಿತು. ಇನ್ನೂ ಒಳಗೆ, ಎರಡು ಹಿಮಸಾರಂಗ. ಹೆಣ್ಣು ಮಂಡಿಯೂರಿದೆ. ಗಂಡು ಬಾಗಿ ಅದರ ಹಣೆ ನೆಕ್ಕುತ್ತಿದೆ. ನಾಲಿಗೆಯ ಗೆರೆ ಕೂದಲಿನಷ್ಟು ಸಣ್ಣ. ಅವರು ದೀಪ ಸ್ವಲ್ಪ ಸರಿಸಿದರು. ನಾಲಿಗೆ ಮಾಯ. ಮತ್ತೆ ತಂದರು, ಮತ್ತೆ ಕಂಡಿತು. ಯಾರೂ ಮಾತಾಡಲಿಲ್ಲ.

ಮಗಳು ನನ್ನ ತೋಳು ಹಿಡಿದಳು. "ಅಪ್ಪಾ, ಉಸಿರು ಬಿಡು" ಅಂದಳು, ಮೆಲ್ಲಗೆ. ನಾನು ಯಾವಾಗಿನಿಂದ ಹಿಡಿದುಕೊಂಡಿದ್ದೆನೋ, ನನಗೇ ಗೊತ್ತಿರಲಿಲ್ಲ. ಬಿಟ್ಟೆ, ಗೋಡೆಯ ಕಡೆಗಲ್ಲ, ನನ್ನ ಸ್ವೆಟರಿನ ಕೊರಳಿನೊಳಗೆ.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚಿತು. ಹಿಂದೆ ಕಬ್ಬಿಣದ ಬಾಗಿಲು ಮುಚ್ಚಿತು. ಮಗಳು ಗಡಿಯಾರ ನೋಡಿದಳು, ಒಂದೂ ಮುಕ್ಕಾಲು. ಎರಡಕ್ಕೆ ಒಲೆ ಆರುತ್ತದಲ್ಲ, ಇಬ್ಬರೂ ಇಳಿಜಾರಿನಲ್ಲಿ ಓಡಿದೆವು.

ನಮಸ್ಕಾರ.