ಕಪ್ ಗೆದ್ದವನ ಬಳಿಯೇ ಉಳಿದರೆ ದಂಡ ಕಟ್ಟಿದ್ದು ಯಾರು?

ನಮಸ್ಕಾರ. ಮೊದಲು ಒಂದು ವಿಡಿಯೊ ಬಗ್ಗೆ ಹೇಳುತ್ತೇನೆ. ಇದನ್ನು ಎಷ್ಟು ಸಲ ನೋಡಿದ್ದೇನೋ ನನಗೇ ಲೆಕ್ಕವಿಲ್ಲ.

2019ರ ಮೇ 4. ಅಮೆರಿಕದ ಕೆಂಟಕಿ ಡರ್ಬಿ ಎಂಬ ದೊಡ್ಡ ಕುದುರೆ ರೇಸ್. ಮಳೆ ಬಂದು ಟ್ರ್ಯಾಕ್ ಕೆಸರಾಗಿದೆ. 19 ಕುದುರೆ ಓಡುತ್ತಿವೆ. ಎಲ್ಲರಿಗಿಂತ ಮುಂದಿರುವುದು ಮ್ಯಾಕ್ಸಿಮಮ್ ಸೆಕ್ಯುರಿಟಿ. ಅಲ್ಲಿಯವರೆಗೆ ಒಂದು ರೇಸನ್ನೂ ಸೋಲದ ಕುದುರೆ. ಕೊನೆಯ ತಿರುವಿನಲ್ಲಿ ಅದು ಇದ್ದಕ್ಕಿದ್ದ ಹಾಗೆ ಹೊರಗಡೆಗೆ ಸರಿಯುತ್ತದೆ. ಅದರ ಬೆನ್ನಿಗೇ ವಾರ್ ಆಫ್ ವಿಲ್ ಎಂಬ ಇನ್ನೊಂದು ಕುದುರೆ ನುಗ್ಗಿ ಬರುತ್ತಿದೆ. ಇಲ್ಲಿ ವಿಡಿಯೊ ನಿಧಾನ ಮಾಡಿ ನೋಡಿ. ಹಿಂದಿನ ಕುದುರೆಯ ಮುಂಗಾಲು ಮುಂದಿನದರ ಹಿಂಗಾಲುಗಳ ನಡುವೆ ಹೋಗಿಬಿಡುತ್ತದೆ. ಕಾಲಿಗೆ ಕಾಲು ಸಿಕ್ಕಿಕೊಂಡಿದ್ದರೆ ಮುಗಿಯಿತು. ಅದು ಬೀಳುತ್ತಿತ್ತು, ಹಿಂದಿನಿಂದ ಬರುವವು ಅದರ ಮೇಲೆ ಬೀಳುತ್ತಿದ್ದವು. ಒಂದೊಂದೂ ಅರ್ಧ ಟನ್ ತೂಗುವ ಪ್ರಾಣಿ, ಬೆನ್ನ ಮೇಲೊಬ್ಬ ಮನುಷ್ಯ. ಪುಣ್ಯಕ್ಕೆ ಯಾರೂ ಬೀಳಲಿಲ್ಲ.

ಮ್ಯಾಕ್ಸಿಮಮ್ ಸೆಕ್ಯುರಿಟಿ ಒಂದೂಮುಕ್ಕಾಲು ಲೆಂತ್ ಅಂತರದಲ್ಲಿ ಗೆದ್ದಿತು. ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ. ಆಮೇಲೆ ಎರಡು ಕುದುರೆಗಳ ಜಾಕಿಗಳು ಆಬ್ಜೆಕ್ಷನ್ ಹಾಕಿದರು. ಮೂವರು ಸ್ಟೀವರ್ಡ್‌ಗಳು, ಅಂದರೆ ರೇಸಿನ ಅಂಪೈರ್‌ಗಳು, ಸುಮಾರು 22 ನಿಮಿಷ ವಿಡಿಯೊ ನೋಡಿದರು. ಗೆದ್ದ ಕುದುರೆಯನ್ನು 17ನೇ ಸ್ಥಾನಕ್ಕೆ ಇಳಿಸಿದರು. ಎರಡನೆಯದಾಗಿ ಬಂದಿದ್ದ ಕಂಟ್ರಿ ಹೌಸ್ ಗೆದ್ದಿತು ಎಂದು ಘೋಷಿಸಿದರು. ಅದರ ಮೇಲಿನ ಬಾಜಿ ದರ 65ಕ್ಕೆ 1. 2 ಡಾಲರ್ ಕಟ್ಟಿದವನಿಗೆ 132 ಡಾಲರ್ 40 ಸೆಂಟ್ ಬಂತು. ಓಟದ ನಡುವೆ ಅಡ್ಡ ಬಂದದ್ದಕ್ಕೆ ಡರ್ಬಿ ಗೆದ್ದ ಕುದುರೆಯನ್ನು ಕೆಳಗಿಳಿಸಿದ್ದು ಅದೇ ಮೊದಲು.

ಅರ್ಧ ದೇಶ ಸಿಟ್ಟಾಯಿತು. ಆಗಿನ ಅಧ್ಯಕ್ಷರೂ ಟ್ವೀಟ್ ಮಾಡಿ ಬೈದರು. ಮಾಲೀಕರು ಕೋರ್ಟಿಗೆ ಹೋದರು, ಅಲ್ಲಿ ಸೋತರು, ಮೇಲಿನ ಕೋರ್ಟಿನಲ್ಲೂ ಸೋತರು.

ನನ್ನನ್ನು ಕೇಳಿದರೆ ಸ್ಟೀವರ್ಡ್‌ಗಳು ಮಾಡಿದ್ದು ಸರಿ. ಆದರೆ ಅದಾದ ಮೇಲೆ ಒಂದು ತಪ್ಪು ಮಾಡಿದರು. ಪತ್ರಕರ್ತರ ಮುಂದೆ ಬಂದು ಒಂದು ಹೇಳಿಕೆ ಓದಿದರು, ಒಂದು ಪ್ರಶ್ನೆಯನ್ನೂ ತೆಗೆದುಕೊಳ್ಳದೆ ಎದ್ದು ಹೋದರು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ತೀರ್ಪಿನ ಮಾತು. ಇದೇ ಘಟನೆ ಬೇರೆ ದೇಶದಲ್ಲಿ ಆಗಿದ್ದರೆ ಮ್ಯಾಕ್ಸಿಮಮ್ ಸೆಕ್ಯುರಿಟಿಯ ಕೈಯಲ್ಲೇ ಕಪ್ ಉಳಿಯುವ ಸಾಧ್ಯತೆ ಜಾಸ್ತಿ ಇತ್ತು. ಯಾಕೆಂದರೆ ರೇಸಿಂಗ್ ಲೋಕದಲ್ಲಿ ಎರಡು ಪದ್ಧತಿ ಇವೆ. ಕೆಟಗರಿ 1, ಕೆಟಗರಿ 2 ಎನ್ನುತ್ತಾರೆ. ಕೆಟಗರಿ 1ರಲ್ಲಿ ಸ್ಟೀವರ್ಡ್ ಕೇಳಿಕೊಳ್ಳುವ ಪ್ರಶ್ನೆ ಇದು: ಅಡ್ಡಿ ಆಗದೇ ಇದ್ದಿದ್ದರೆ, ಅಡ್ಡಿಗೆ ಸಿಕ್ಕ ಕುದುರೆ ಅಡ್ಡಿ ಮಾಡಿದ ಕುದುರೆಯನ್ನು ಸೋಲಿಸುತ್ತಿತ್ತೇ? ಸೋಲಿಸುತ್ತಿರಲಿಲ್ಲ ಅನ್ನಿಸಿದರೆ ಫಲಿತಾಂಶ ಹಾಗೇ ಇರುತ್ತದೆ. ಜಾಕಿಗೆ ಮಾತ್ರ ಕೆಲವು ದಿನ ನಿಷೇಧ. ಕೆಟಗರಿ 2ರಲ್ಲಿ ಪ್ರಶ್ನೆ ಬೇರೆ: ಆ ಅಡ್ಡಿಯಿಂದ ಇನ್ನೊಂದು ಕುದುರೆಗೆ ಸಿಗಬಹುದಾಗಿದ್ದ ಸ್ಥಾನ ತಪ್ಪಿತೇ? ತಪ್ಪಿದ್ದರೆ, ಅಡ್ಡಿ ಮಾಡಿದ್ದನ್ನು ಅದರ ಹಿಂದಕ್ಕೆ ಹಾಕು. ಅಮೆರಿಕದಲ್ಲಿ ನಡೆಯುವುದು ಇದು. ಬಹುಪಾಲು ಜಗತ್ತು ಮೊದಲನೆಯದನ್ನು ಪಾಲಿಸುತ್ತದೆ. ಜಪಾನ್ 2013ರಲ್ಲಿ, ಫ್ರಾನ್ಸ್ 2018ರಲ್ಲಿ ಅದಕ್ಕೆ ಬದಲಾದವು.

ಕೆಟಗರಿ 1ರ ಪರ ಒಳ್ಳೆಯ ವಾದವೇ ಇದೆ, ಇಲ್ಲ ಅನ್ನುವುದಿಲ್ಲ. ಉತ್ತಮ ಕುದುರೆ ಗೆಲ್ಲಬೇಕು ತಾನೇ? ಒಂದು ಸಣ್ಣ ತಳ್ಳಾಟಕ್ಕೆ ಹತ್ತು ಲೆಂತ್ ಮುಂದೆ ಬಂದ ಕುದುರೆಯನ್ನು ಇಳಿಸಿದರೆ ಬಾಜಿ ಕಟ್ಟಿದವನ ಹೊಟ್ಟೆ ಉರಿಯುವುದಿಲ್ಲವೇ? ಜೊತೆಗೆ, ಇಳಿಸುವ ಪ್ರಸಂಗ ಕಡಿಮೆಯಾದಷ್ಟೂ ಒಂದು ದಿನ ಹೀಗೆ, ಇನ್ನೊಂದು ದಿನ ಹಾಗೆ ತೀರ್ಪು ಕೊಡುವ ತಾಪತ್ರಯವೂ ಕಡಿಮೆ.

ಆದರೂ ನನಗೆ ಅದು ಹಿಡಿಸುವುದಿಲ್ಲ. ಅಲ್ಲಿ ಲಾಭ ಒಬ್ಬರಿಗೆ, ದಂಡ ಇನ್ನೊಬ್ಬರಿಗೆ. ಬಹುಮಾನದ ದೊಡ್ಡ ಪಾಲು ಮಾಲೀಕರ ಮನೆಗೆ ಹೋಗುತ್ತದೆ. ಹೆಸರು ಟ್ರೇನರ್‌ಗೆ. ಆ ಕುದುರೆಯಿಂದ ಮುಂದೆ ಮರಿ ಹಾಕಿಸುವಾಗ ಏರುವ ಬೆಲೆಯೂ ಮಾಲೀಕರದ್ದೇ. ಜಾಕಿ ಒಂದು ವಾರ ಮನೆಯಲ್ಲಿ ಕೂತಿರುತ್ತಾನೆ. ಮುಂದಿನ ದೊಡ್ಡ ರೇಸಿಗೆ ಅದೇ ಮಾಲೀಕರು ಅದೇ ಜಾಕಿಯನ್ನು ಕರೆಯುತ್ತಾರೆ. ಯಾಕೆ ಕರೆಯಬಾರದು? ಗೆಲ್ಲಿಸಿದ್ದಾನಲ್ಲ! ಇದನ್ನು ದಂಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಇದು ರೇಟ್ ಕಾರ್ಡ್. ಅಡ್ಡ ಬಂದರೆ ಇಷ್ಟು ದಿನ, ಜಾಸ್ತಿ ಹೊಡೆದರೆ ಇಷ್ಟು ದಿನ, ಬೇಕಾದವರು ಕೊಂಡುಕೊಳ್ಳಿ.

ಚಾಟಿಯ ಕಥೆ ನೋಡಿದರೆ ಇದು ಇನ್ನೂ ಸ್ಪಷ್ಟ. 2011ರ ಗ್ರ್ಯಾಂಡ್ ನ್ಯಾಷನಲ್. ಬ್ರಿಟನ್ನಿನ ದೊಡ್ಡ ಜಂಪ್ ರೇಸ್, ಸುಮಾರು 7 ಕಿಲೋಮೀಟರ್, 30 ಬೇಲಿ ಹಾರಬೇಕು. ಗೆದ್ದದ್ದು ಬಲಾಬ್ರಿಗ್ಸ್. ಗೆರೆ ದಾಟಿದ ಕೂಡಲೇ ಜಾಕಿ ಕೆಳಗಿಳಿದ. ಕುದುರೆ ಅಷ್ಟು ಬಸವಳಿದಿತ್ತು. ಬಕೆಟ್‌ಗಟ್ಟಲೆ ನೀರು ಸುರಿದರು, ಆಕ್ಸಿಜನ್ ಕೊಟ್ಟರು. ಗೆದ್ದ ಕುದುರೆ ಸವಾರನ ಸಮೇತ ಮೆರವಣಿಗೆಯಲ್ಲಿ ಬರಬೇಕಾದ ಜಾಗಕ್ಕೆ ಜಾಕಿ ಒಬ್ಬನೇ ನಡೆದುಕೊಂಡು ಬಂದ. ಅತಿಯಾಗಿ ಚಾಟಿ ಬೀಸಿದ್ದಕ್ಕೆ ಅವನಿಗೆ 5 ದಿನ ನಿಷೇಧ. ಮೊದಲ ಬಹುಮಾನ 5 ಲಕ್ಷ ಪೌಂಡ್‌ಗೂ ಜಾಸ್ತಿ, ಅದು ಮಾತ್ರ ಅಲುಗಾಡಲಿಲ್ಲ. ನಿಯಮ ಮುರಿದದ್ದು ನಿಜ ಎಂದು ಬರೆದಾಯಿತು, ಆ ಮುರಿದ ನಿಯಮದ ಮೇಲೆ ನಿಂತ ಗೆಲುವೂ ನಿಜ ಎಂದು ಬರೆದಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಬ್ರಿಟನ್ ಇದನ್ನು ಅರ್ಥ ಮಾಡಿಕೊಳ್ಳಲು 12 ವರ್ಷ ತೆಗೆದುಕೊಂಡಿತು. 2023ರಲ್ಲಿ ಹೊಸ ನಿಯಮ ಬಂತು. ಸಾಮಾನ್ಯ ಓಟದಲ್ಲಿ 6 ಏಟು, ಜಂಪ್ ರೇಸಿನಲ್ಲಿ 7. ಮಿತಿಗಿಂತ 4 ಏಟು ಜಾಸ್ತಿಯಾದರೆ ಕುದುರೆಯೇ ಅನರ್ಹ. ಈ ಒಂದು ವಾಕ್ಯ ಬಂದ ಮೇಲೆ ಲೆಕ್ಕವೇ ಬದಲಾಯಿತು. ಈಗ ಮಾಲೀಕರೇ ಜಾಕಿಗೆ ಹೇಳುತ್ತಾರೆ, ನೋಡಪ್ಪಾ, ಎಣಿಸಿಕೊಂಡು ಹೊಡಿ ಅಂತ. ಸ್ಟೀವರ್ಡ್ ನೂರು ಸಲ ಹೇಳಿದರೂ ಆಗದ ಕೆಲಸ ಅದು. ನನ್ನ ಪ್ರಕಾರ 4 ಅನ್ನುವುದೂ ಉದಾರವೇ. 6 ಎಂದು ಬರೆದು 9ರವರೆಗೆ ಕಪ್ ಬಿಟ್ಟುಕೊಡುವುದಾದರೆ, 9 ಎಂದೇ ಬರೆಯಬಹುದಿತ್ತು ಅಲ್ವಾ?

ಇನ್ನು ಔಷಧಿ. ಇಲ್ಲಿ ರೇಸಿಂಗ್ ನಿಯಮ ಕಠಿಣವಾಗಿಯೇ ಇದೆ. 2021ರ ಕೆಂಟಕಿ ಡರ್ಬಿ ಗೆದ್ದ ಮೆಡಿನಾ ಸ್ಪಿರಿಟ್‌ನ ರಕ್ತದಲ್ಲಿ ಬೀಟಾಮೆಥಸೋನ್ ಎಂಬ ಊತ ಇಳಿಸುವ ಸ್ಟಿರಾಯ್ಡ್ ಔಷಧಿ ಸಿಕ್ಕಿತು. ಒಂದು ಮಿಲಿಲೀಟರಿನಲ್ಲಿ 21 ಪಿಕೋಗ್ರಾಂ. ಪಿಕೋಗ್ರಾಂ ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಚರ್ಮದ ತೊಂದರೆಗೆ ಹಚ್ಚಿದ ಮುಲಾಮಿನಿಂದ ಬಂದದ್ದು ಎಂದು ಟ್ರೇನರ್ ಕಡೆಯವರು ವಾದಿಸಿದರು. ಇರಬಹುದು. ಆದರೆ ರೇಸಿನ ದಿನ ಅದು ಮೈಯಲ್ಲಿ ಇರಲೇಬಾರದು ಎಂಬುದು ನಿಯಮ. ಹೇಗೆ ಬಂತು ಎಂದು ಅದು ಕೇಳುವುದಿಲ್ಲ. ಇದು ಕ್ರೂರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಉದ್ದೇಶ ಏನಿತ್ತು ಎಂದು ಹುಡುಕಲು ಹೊರಟರೆ ಒಳ್ಳೆಯ ವಕೀಲರನ್ನು ಇಟ್ಟುಕೊಂಡವರ ಉದ್ದೇಶ ಯಾವಾಗಲೂ ಒಳ್ಳೆಯದೇ ಆಗಿರುತ್ತದೆ.

ನನ್ನ ತಕರಾರು ಇರುವುದು ಕ್ಯಾಲೆಂಡರ್ ಬಗ್ಗೆ. ರೇಸ್ ನಡೆದದ್ದು 2021ರ ಮೇ 1. ಅನರ್ಹ ಎಂದದ್ದು 2022ರ ಫೆಬ್ರವರಿಯಲ್ಲಿ. ನಡುವೆ, ಡಿಸೆಂಬರ್‌ನಲ್ಲಿ, ಆ ಕುದುರೆ ಅಭ್ಯಾಸದ ವೇಳೆ ಕುಸಿದು ಸತ್ತೇಹೋಗಿತ್ತು. ಎರಡನೆಯದಾಗಿ ಬಂದಿದ್ದ ಮಂಡಲೂನ್ ಗೆದ್ದಿತು ಎಂದು ಪುಸ್ತಕದಲ್ಲಿ ತಿದ್ದಿದರು. ಆದರೆ ಅವತ್ತು ಮಂಡಲೂನ್ ಮೇಲೆ ಬಾಜಿ ಕಟ್ಟಿದವರಿಗೆ ಬಿಡಿಗಾಸೂ ಬರಲಿಲ್ಲ. ಫಲಿತಾಂಶ ಅಧಿಕೃತ ಎಂದು ಬೋರ್ಡಿನಲ್ಲಿ ಹಾಕಿ ಹಣ ಹಂಚಿದ ಮೇಲೆ ಬಾಜಿಯ ಲೆಕ್ಕ ಮುಗಿಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕುದುರೆ ಬಾಲಕ್ಕೆ ದುಡ್ಡು ಕಟ್ಟುವವನಿಗೆ ಹಾಗೇ ಆಗಬೇಕು ಅಂತ ನಗುವವರು ನಗಬಹುದು. ಆದರೆ ಈ ಇಡೀ ಆಟ ನಡೆಯುವುದು ಅವನ ದುಡ್ಡಿನಿಂದ.

ಅಂದ ಹಾಗೆ, 2019ರ ಮ್ಯಾಕ್ಸಿಮಮ್ ಸೆಕ್ಯುರಿಟಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 2020ರ ಫೆಬ್ರವರಿ 29ರಂದು ಅದು ಸೌದಿ ಕಪ್ ಗೆದ್ದಿತು. ಗೆದ್ದವರ ಪಾಲು 1 ಕೋಟಿ ಡಾಲರ್. ಮಾರ್ಚ್‌ನಲ್ಲಿ ಅದರ ಟ್ರೇನರ್ ಮೇಲೆ ಉದ್ದೀಪನ ಮದ್ದಿನ ಕೇಸು ಬಿತ್ತು. ಅವರು ತಪ್ಪು ಒಪ್ಪಿಕೊಂಡರು, 2023ರಲ್ಲಿ 4 ವರ್ಷ ಜೈಲು ಶಿಕ್ಷೆಯಾಯಿತು. ಸೌದಿಯವರು ಆ ಹಣವನ್ನು ಮೊದಲೇ ತಡೆಹಿಡಿದಿದ್ದರು. ಇದು ಜಾಣತನ. ಕೊಟ್ಟು ಕಿತ್ತುಕೊಳ್ಳುವುದಕ್ಕಿಂತ ಕೊಡದೆ ಕಾಯುವುದು ಸುಲಭ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕಣ್ಣಿಗೋ ಲ್ಯಾಬಿಗೋ ಸಿಗುವ ತಪ್ಪುಗಳು. ಸಿಗದ ತಪ್ಪು ಒಂದಿದೆ: ಗೆಲ್ಲಲು ಪ್ರಯತ್ನವನ್ನೇ ಮಾಡದಿರುವುದು. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಚೆನ್ನಾಗಿ ಓಡಿದ ಕುದುರೆಯ ಮೇಲೆ ಭಾರ ಜಾಸ್ತಿ ಹೇರುತ್ತಾರೆ, ಎಲ್ಲ ಕುದುರೆಗಳಿಗೂ ಸಮಾನ ಅವಕಾಶ ಸಿಗಲಿ ಅಂತ. ಉದ್ದೇಶ ಚೆನ್ನಾಗಿದೆ. ಆದರೆ ಅದರ ಹೊಟ್ಟೆಯಲ್ಲೇ ಮೋಸದ ಬೀಜ ಇದೆ. ಮೂರು ರೇಸಿನಲ್ಲಿ ಸುಮ್ನೆ ಹಿಂದೆ ಓಡಿಸು, ಭಾರ ಇಳಿಯುತ್ತದೆ, ನಾಲ್ಕನೆಯದರಲ್ಲಿ ಬಾಜಿ ಕಟ್ಟಿ ಬಿಟ್ಟುಬಿಡು. ಇದನ್ನು ಹಿಡಿಯುವುದು ಹೇಗೆ? ಜಾಕಿಯ ಕೈ ನೋಡಬೇಕು. ಕೊನೆಯ 200 ಮೀಟರಿನಲ್ಲಿ ಉಳಿದವರ ಕೈ ಕುದುರೆಯ ಕುತ್ತಿಗೆಯ ಜೊತೆ ಹಿಂದೆ ಮುಂದೆ ಆಡುತ್ತಿರುತ್ತದೆ. ಒಬ್ಬನ ಕೈ ಮಾತ್ರ ಕದಲುವುದಿಲ್ಲ. ಗೆರೆ ದಾಟಿದ ಮೇಲೆ ಎಲ್ಲ ಕುದುರೆಗಳೂ ಏದುಸಿರು ಬಿಡುತ್ತಿರುವಾಗ ಅವನದು ಇನ್ನೂ ಲಗಾಮು ಜಗ್ಗುತ್ತಾ ಓಡಲು ನೋಡುತ್ತಿರುತ್ತದೆ. ಕೇಳಿದರೆ ನೂರು ಕಾರಣ. ನೆಲ ಹಿಡಿಸಲಿಲ್ಲ, ಉಸಿರು ಕಟ್ಟಿತು, ದಾರಿ ಸಿಗಲಿಲ್ಲ. ಹೆಚ್ಚಿನ ಸಲ ಅದು ನಿಜವೇ ಆಗಿರುತ್ತದೆ ಎಂಬುದೇ ದೊಡ್ಡ ಕಷ್ಟ.

ಹಾಗಾಗಿ ಪ್ರಶ್ನೆ ಕೇಳುವುದನ್ನು ಎಲ್ಲರ ಮುಂದೆ ಕೇಳಬೇಕು ಅನ್ನುತ್ತೇನೆ. ಹಾಂಗ್‌ಕಾಂಗ್‌ನಲ್ಲಿ ಪ್ರತಿ ರೇಸಿನ ಸ್ಟೀವರ್ಡ್ ವರದಿ ಹೊರಗೆ ಬರುತ್ತದೆ. ಯಾವ ಕುದುರೆ ತಡವಾಗಿ ಹೊರಟಿತು, ಯಾವುದಕ್ಕೆ ದಾರಿ ಸಿಗಲಿಲ್ಲ, ಯಾವುದನ್ನು ಪಶುವೈದ್ಯರು ನೋಡಿದರು, ಸೋತ ಕುದುರೆಯ ಜಾಕಿ ಏನು ಹೇಳಿದ, ಎಲ್ಲವೂ. ಒಬ್ಬ ಜಾಕಿ ಮೂರು ಸಲ ಅದೇ ನೆಪ ಹೇಳಿದರೆ ಅದನ್ನು ಸ್ಟೀವರ್ಡ್ ಗಮನಿಸದಿದ್ದರೂ ಜನ ಗಮನಿಸುತ್ತಾರೆ.

ಜನರ ಕಣ್ಣು ಕಡಿಮೆಯದಲ್ಲ. 1984ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫೈನ್ ಕಾಟನ್ ಎಂಬ ಸಾಧಾರಣ ಕುದುರೆಯ ಹೆಸರಿನಲ್ಲಿ ಬೋಲ್ಡ್ ಪರ್ಸನಾಲಿಟಿ ಎಂಬ ಉತ್ತಮ ಕುದುರೆಯನ್ನು ಓಡಿಸಿದರು. ಎರಡರ ಬಣ್ಣವೂ ಬೇರೆ. ಕೂದಲಿಗೆ ಹಚ್ಚುವ ಡೈ ಬಳಿದರು, ಕಾಲಿಗೆ ಬಿಳಿ ಪೇಂಟ್ ಹೊಡೆದರು! ಅದರ ಮೇಲೆ ಎಷ್ಟು ದುಡ್ಡು ಬಿತ್ತೆಂದರೆ ಬಾಜಿ ದರ 33ಕ್ಕೆ 1 ಇದ್ದದ್ದು 7ಕ್ಕೆ 2ಕ್ಕೆ ಇಳಿಯಿತು. ಕುದುರೆ ಗೆದ್ದಿತು. ಸ್ಟೀವರ್ಡ್‌ಗಳು ಕಾಗದ ಪತ್ರ ಕೇಳುವ ಹೊತ್ತಿಗೆ ಮೋಸ, ಮೋಸ ಎಂದು ಜನ ಕೂಗಾಡುತ್ತಿದ್ದರು. ಈಗ ಕುದುರೆಯ ಕುತ್ತಿಗೆಯಲ್ಲಿ ಮೈಕ್ರೋಚಿಪ್ ಇರುತ್ತದೆ, ಪೇಂಟ್ ಡಬ್ಬಿಯ ಕಾಲ ಹೋಯಿತು. ಆದರೆ ಗುಟ್ಟಿನ ಕೋಣೆಯ ಕಾಲ ಇನ್ನೂ ಪೂರ್ತಿ ಹೋಗಿಲ್ಲ. 2019ರಲ್ಲಿ ಆ ಮೂವರು ಸ್ಟೀವರ್ಡ್‌ಗಳು ಹತ್ತು ನಿಮಿಷ ಕೂತು, ಈ ಕಾಲು ಇಲ್ಲಿತ್ತು, ಈ ಕುದುರೆಗೆ ಹೀಗೆ ಸ್ಥಾನ ತಪ್ಪಿತು ಎಂದು ವಿಡಿಯೊ ತೋರಿಸಿ ವಿವರಿಸಿದ್ದರೆ ಅರ್ಧ ಗಲಾಟೆ ಅಲ್ಲೇ ತಣ್ಣಗಾಗುತ್ತಿತ್ತು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಅವತ್ತು ತಿರುವಿನಲ್ಲಿ ಅಡ್ಡಿಗೆ ಸಿಕ್ಕ ಕುದುರೆಗಳಲ್ಲಿ ಬೋಡೆಕ್ಸ್‌ಪ್ರೆಸ್ ಎಂಬುದೂ ಒಂದು. ಎರಡು ವಾರದ ನಂತರ ಅದು ಪ್ರೀಕ್‌ನೆಸ್ ರೇಸಿನಲ್ಲಿ ಓಡಿತು. ಗೇಟು ತೆರೆದ ಕ್ಷಣದಲ್ಲೇ ಜಾಕಿ ಕೆಳಗೆ ಬಿದ್ದ. ಕುದುರೆ ನಿಲ್ಲಲಿಲ್ಲ. ಬೆನ್ನ ಮೇಲೆ ಯಾರೂ ಇಲ್ಲ, ಎಳೆಯುವವರಿಲ್ಲ, ಹೊಡೆಯುವವರಿಲ್ಲ, ಆದರೂ ಉಳಿದವರ ಜೊತೆ ಪೂರ್ತಿ ಓಡಿತು. ಗೆರೆ ದಾಟಿದ ಮೇಲೂ ಇನ್ನೊಂದು ಸುತ್ತು ಹೊರಟಿತು. ಹಿಡಿಯಲು ಬಂದವರಿಗೆ ಸುಲಭಕ್ಕೆ ಸಿಗಲಿಲ್ಲ. ಆ ರೇಸ್ ಗೆದ್ದದ್ದು ಯಾರು ಗೊತ್ತಾ? ಡರ್ಬಿಯಲ್ಲಿ ಬೀಳುವುದರಿಂದ ಕೂದಲೆಳೆಯಲ್ಲಿ ಪಾರಾದ ವಾರ್ ಆಫ್ ವಿಲ್. ಬೋಡೆಕ್ಸ್‌ಪ್ರೆಸ್ ಹೆಸರಿನ ಮುಂದೆ ಮಾತ್ರ ‘ಓಟ ಮುಗಿಸಲಿಲ್ಲ’ ಎಂದು ಬರೆದರು. ಸವಾರ ಇಲ್ಲದ ಕುದುರೆಯ ಓಟ ಲೆಕ್ಕಕ್ಕಿಲ್ಲ ಎಂಬ ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು. ಅವತ್ತು ಯಾರೂ ಆಬ್ಜೆಕ್ಷನ್ ಹಾಕಲಿಲ್ಲ.