ಪರ್ಮಿಯನ್ ಪದರಗಳ ಹೆಸರು ಯಾಕೆ ಬದಲಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಇವತ್ತು ಪರ್ಮಿಯನ್ ಕಾಲದ ಪದರಗಲ್ಲುಗಳ ಹೆಸರಿನ ಬಗ್ಗೆ ಮಾತಾಡೋಣ. ಈ ಕಾಲ ಸುಮಾರು 29.9 ಕೋಟಿ ವರ್ಷಗಳ ಹಿಂದೆ ಶುರುವಾಯಿತು, 25.2 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಕರ್ನಾಟಕದ ನೆಲದಲ್ಲಿ ಈ ಕಾಲದ ಪದರಗಳು ಸಿಗುವುದಿಲ್ಲ. ನಮ್ಮ ಕಲ್ಲುಗಳಲ್ಲಿ ಹೆಚ್ಚಿನವು ಇದಕ್ಕಿಂತ ಎಷ್ಟೋ ಹಳೆಯವು. ಬೆಳಗಾವಿ, ಬೀದರ್ ಕಡೆಯ ಕರಿಕಲ್ಲು ಇದಕ್ಕಿಂತ ತುಂಬಾ ಹೊಸದು. ಆದರೂ ಪರ್ಮಿಯನ್ ನಮಗೆ ದೂರದ್ದೇನಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಸಿಂಗರೇಣಿ ಕಲ್ಲಿದ್ದಲು ಆ ಕಾಲದ ಕಾಡಿನಿಂದ ಬಂದದ್ದು.

ಭೂವಿಜ್ಞಾನ ಓದುವ ಹುಡುಗ ಹುಡುಗಿಯರಿಗೆ ಸ್ತರಶಾಸ್ತ್ರ, ಅಂದರೆ ಕಲ್ಲಿನ ಪದರಗಳನ್ನು ಓದುವ ಶಾಸ್ತ್ರ, ಅಂದರೆ ಬೇಜಾರು. ಬರಾಕರ್ ಅನ್ನುವ ಕಲ್ಲಿದ್ದಲಿನ ಪದರವನ್ನೇ ನೋಡಿ. ಒಂದು ಪುಸ್ತಕದಲ್ಲಿ ಬರಾಕರ್ ಸೀರೀಸ್ ಅಂತ ಇರುತ್ತದೆ, ಇನ್ನೊಂದರಲ್ಲಿ ಬರಾಕರ್ ಸ್ಟೇಜ್, ಮತ್ತೊಂದರಲ್ಲಿ ಬರಾಕರ್ ಫಾರ್ಮೇಶನ್. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು? ಕಲ್ಲು ಅಲ್ಲೇ ಇದೆ, ಹೆಸರು ಮಾತ್ರ ಯಾಕೆ ಬದಲಾಗಬೇಕು? ಪ್ರಶ್ನೆ ನ್ಯಾಯವಾದದ್ದೇ, ಅಲ್ವಾ? ಇದಕ್ಕೆ ಉತ್ತರ ಹುಡುಕಬೇಕಾದರೆ ನಿಯಮಾವಳಿಗಿಂತ ಮೊದಲು ಒಂದು ಬೆಟ್ಟದ ಸಾಲನ್ನು ನೋಡಬೇಕು. ಅದು ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ಸಾಲ್ಟ್ ರೇಂಜ್.

ಅಲ್ಲಿನ ಸುಣ್ಣಕಲ್ಲಿನಲ್ಲಿ ಚಿಪ್ಪುಗಳು ರಾಶಿ ರಾಶಿ ಸಿಗುತ್ತವೆ. ಬ್ರಾಕಿಯೋಪಾಡ್ ಅನ್ನುವ ಸಮುದ್ರಜೀವಿಗಳ ಚಿಪ್ಪುಗಳು ಅವು. ಹತ್ತೊಂಬತ್ತನೇ ಶತಮಾನದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗಾಗಿ ವಿಲ್ಹೆಲ್ಮ್ ವಾಗನ್ ಅವನ್ನು ಒಂದೊಂದಾಗಿ ನೋಡಿ, ವಿವರಿಸಿ, 1879ರಿಂದ ಸಂಪುಟಗಳಾಗಿ ಪ್ರಕಟಿಸುತ್ತಾ ಬಂದರು. ಆ ಕೆಲಸ ಇವತ್ತಿಗೂ ಬೆಲೆ ಕಳೆದುಕೊಂಡಿಲ್ಲ. ಆಗ ಆ ಚಿಪ್ಪುಗಳಲ್ಲಿ ಬಹಳಷ್ಟನ್ನು ಪ್ರಾಡಕ್ಟಸ್ ಅನ್ನುವ ಕುಲಕ್ಕೆ ಸೇರಿಸುತ್ತಿದ್ದರು. ಹಾಗಾಗಿ ಕಲ್ಲಿಗೂ ಪ್ರಾಡಕ್ಟಸ್ ಸುಣ್ಣಕಲ್ಲು ಅನ್ನುವ ಹೆಸರು ನಿಂತಿತು. ವಾಗನ್ ಅದನ್ನು ಕೆಳ, ನಡು, ಮೇಲಿನ ಪ್ರಾಡಕ್ಟಸ್ ಸುಣ್ಣಕಲ್ಲು ಅಂತ ಮೂರು ಪಾಲು ಮಾಡಿದರು.

ಅದರ ಕೆಳಗಿನ ಪದರಗಳ ಹೆಸರುಗಳೂ ಕೇಳುವುದಕ್ಕೆ ಚೆಂದ. ಚುಕ್ಕೆ ಚುಕ್ಕೆಯ ಮರಳುಗಲ್ಲಿಗೆ ಸ್ಪೆಕಲ್ಡ್ ಸ್ಯಾಂಡ್‌ಸ್ಟೋನ್. ಅದರ ಮೇಲಿನ ತಿಳಿನೇರಳೆ ಜೇಡಿಗೆ ಲ್ಯಾವೆಂಡರ್ ಕ್ಲೇ. ಎಲ್ಲಕ್ಕಿಂತ ತಳದಲ್ಲಿ, ಹಿಮನದಿ ತಂದು ಸುರಿದ ಗುಂಡುಕಲ್ಲುಗಳ ಪದರಕ್ಕೆ ತಾಲ್ಚಿರ್ ಗುಂಡುಕಲ್ಲಿನ ಪದರ. ಒಂದಕ್ಕೆ ಬಣ್ಣದ ಹೆಸರು, ಇನ್ನೊಂದಕ್ಕೆ ಚಿಪ್ಪಿನ ಹೆಸರು, ಮತ್ತೊಂದಕ್ಕೆ ಒಡಿಶಾದಲ್ಲಿರುವ ಊರಿನ ಹೆಸರು. ಆ ಊರಿನಿಂದ ಸಾಲ್ಟ್ ರೇಂಜಿಗೆ 1,500 ಕಿಲೋಮೀಟರಿಗೂ ಜಾಸ್ತಿ ದೂರ.

ಇದರಲ್ಲಿ ತೊಂದರೆ ಏನು? ಬಣ್ಣ ಒಂದು ಹಳ್ಳದಿಂದ ಇನ್ನೊಂದು ಹಳ್ಳಕ್ಕೆ ಹೋಗುವಷ್ಟರಲ್ಲಿ ಬದಲಾಗಬಹುದು. ಮಳೆ ಬಿಸಿಲಿಗೆ ಸಿಕ್ಕ ಕಲ್ಲಿನ ಬಣ್ಣ, ಆಗ ತಾನೇ ಒಡೆದ ಕಲ್ಲಿನ ಬಣ್ಣ ಒಂದೇ ಇರುವುದಿಲ್ಲ. ಚಿಪ್ಪಿನ ಹೆಸರಿನ ಕಥೆ ಇನ್ನೂ ಕಷ್ಟದ್ದು. ಮುಂದೆ ಬ್ರಾಕಿಯೋಪಾಡ್ ತಜ್ಞರು ಪ್ರಾಡಕ್ಟಸ್ ಕುಲವನ್ನೇ ಮತ್ತೆ ಪರಿಶೀಲಿಸಿದರು. ಮೊದಲು ಆ ಒಂದು ಹೆಸರಿನ ಕೆಳಗೆ ತುಂಬಿದ್ದ ಜೀವಿಗಳನ್ನು ಹಲವು ಕುಲಗಳಿಗೆ ಹಂಚಿದರು. ಇವತ್ತಿನ ಬಿಗಿ ಅರ್ಥದಲ್ಲಿ ಪ್ರಾಡಕ್ಟಸ್ ಕುಲ ಪರ್ಮಿಯನ್‌ಗಿಂತ ಹಿಂದಿನ ಕಾರ್ಬೊನಿಫೆರಸ್ ಕಾಲದ್ದು. ಅಂದರೆ ಪ್ರಾಡಕ್ಟಸ್ ಸುಣ್ಣಕಲ್ಲಿನಲ್ಲಿ ಈಗ ಪ್ರಾಡಕ್ಟಸ್ ಇಲ್ಲ! ಕಲ್ಲು ಒಂದಿಂಚೂ ಅಲುಗಾಡಲಿಲ್ಲ, ಅದರ ಹೆಸರಿನ ಆಧಾರವೇ ಜಾರಿಹೋಯಿತು.

1966ರಲ್ಲಿ ಭೂವಿಜ್ಞಾನಿ ಕರ್ಟ್ ಟೈಖರ್ಟ್ ಈ ಸುಣ್ಣಕಲ್ಲುಗಳ ಹೆಸರುಗಳನ್ನು ಹೊಸದಾಗಿ ಹೊಂದಿಸಿ ಬರೆದರು. ಕೆಳಗಿನದು ಅಂಬ್ ಫಾರ್ಮೇಶನ್, ನಡುವಿನದು ವರ್ಗಲ್ ಸುಣ್ಣಕಲ್ಲು, ಮೇಲಿನದು ಛಿದ್ರು ಫಾರ್ಮೇಶನ್. ಮೂರೂ ಅಲ್ಲಿನ ಜಾಗಗಳ ಹೆಸರುಗಳು. ಮೂರೂ ಸೇರಿ ಝಾಲೂಚ್ ಗ್ರೂಪ್. ಸ್ಪೆಕಲ್ಡ್ ಸ್ಯಾಂಡ್‌ಸ್ಟೋನ್ ವಾರ್ಛಾ ಆಯಿತು. ಲ್ಯಾವೆಂಡರ್ ಕ್ಲೇ ಸರ್ಧಾಯಿ ಆಯಿತು. ತಾಲ್ಚಿರ್ ಅಂತಿದ್ದದ್ದು ತೋಬ್ರಾ ಆಯಿತು. ನನಗೆ ಹಳೆಯ ಹೆಸರುಗಳ ಮೇಲೆ ಪ್ರೀತಿ ಇದೆ. ತಿಳಿನೇರಳೆ ಜೇಡಿ ಅಂದ ಕೂಡಲೇ ಕಣ್ಣಿಗೆ ಕಟ್ಟುತ್ತದೆ, ಸರ್ಧಾಯಿ ಅಂದರೆ ಹಾಗಾಗುವುದಿಲ್ಲ. ಆದರೆ ಸರ್ಧಾಯಿಗೆ ಒಂದು ಬಲ ಇದೆ. ಅನುಮಾನ ಬಂದವರು ಅಲ್ಲಿಗೇ ಹೋಗಿ ಕಲ್ಲನ್ನು ನೋಡಬಹುದು.

ಫಾರ್ಮೇಶನ್ ಅಂತ ಕರೆಯುವುದಕ್ಕೆ ಬೇಕಾದ್ದು ಇಷ್ಟೇ. ಅಕ್ಕಪಕ್ಕದ ಕಲ್ಲಿಗಿಂತ ಅದು ಬೇರೆ ಅಂತ ಕಣ್ಣಿಗೆ ಗೊತ್ತಾಗಬೇಕು. ನಕ್ಷೆಯಲ್ಲಿ ಗುರುತಿಸುವಷ್ಟು ಹರವು ಇರಬೇಕು. ಒಂದು ಜಾಗದ ಹೆಸರು ಇರಬೇಕು. ಇದೇ ಅದರ ಮಾದರಿ ಅಂತ ಒಂದು ಜಾಗವನ್ನು ತೋರಿಸಬೇಕು. ಅದರ ಬುಡ ಎಲ್ಲಿ, ತುದಿ ಎಲ್ಲಿ, ದಪ್ಪ ಎಷ್ಟು ಅಂತ ಬರೆದು ಪ್ರಕಟಿಸಬೇಕು. ಫಾರ್ಮೇಶನ್ನಿನ ಒಳಗಿನ ಭಾಗ ಮೆಂಬರ್, ಹಲವು ಫಾರ್ಮೇಶನ್‌ಗಳು ಸೇರಿದರೆ ಗ್ರೂಪ್. ಭಾರತದಲ್ಲಿ ಇದಕ್ಕಾಗಿ 1971ರಲ್ಲಿ ಒಂದು ನಿಯಮಾವಳಿಯೇ ಬಂತು. ಇದರಲ್ಲಿ ವಯಸ್ಸಿನ ಮಾತೇ ಇಲ್ಲ, ಗಮನಿಸಿದಿರಾ? ಕಲ್ಲು ಎಂಥದ್ದು ಅನ್ನುವುದು ಒಂದು ಪ್ರಶ್ನೆ. ಯಾವ ಕಾಲದ್ದು ಅನ್ನುವುದು ಇನ್ನೊಂದು. ಸೀರೀಸ್, ಸ್ಟೇಜ್ ಅನ್ನುವ ಮಾತುಗಳು ಕಾಲಕ್ಕೆ ಸೇರಿದ್ದು. ಹಳಬರು ಎರಡನ್ನೂ ಕಲಸಿಬಿಟ್ಟಿದ್ದರು. ಬರಾಕರ್ ಸೀರೀಸ್ ಹೋಗಿ ಬರಾಕರ್ ಫಾರ್ಮೇಶನ್ ಬಂದದ್ದು ಆ ಕಲಸುಮೇಲೋಗರವನ್ನು ಬಿಡಿಸುವುದಕ್ಕೆ.

ಎರಡನ್ನೂ ಬೇರೆ ಇಟ್ಟದ್ದರಿಂದ ಏನು ಲಾಭ ಅಂತ ನೋಡಬೇಕಾದರೆ ದಾಮೋದರ ಕಣಿವೆಗೆ ಬರಬೇಕು. ಆದರೆ ಕಥೆ ಶುರುವಾಗುವುದು ಒಡಿಶಾದಲ್ಲಿ. 1856ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಬ್ಲಾನ್‌ಫರ್ಡ್ ಸಹೋದರರು ಮತ್ತು ವಿಲಿಯಂ ಥಿಯೊಬಾಲ್ಡ್ ಒಡಿಶಾದ ತಾಲ್ಚೇರಿನಲ್ಲಿ ಕಲ್ಲಿದ್ದಲಿನ ಪದರಗಳ ಕೆಳಗೆ ವಿಚಿತ್ರ ಕಲ್ಲು ನೋಡಿದರು. ನುಣ್ಣನೆಯ ಕೆಸರಿನ ನಡುವೆ ದೊಡ್ಡ ದೊಡ್ಡ ಗುಂಡುಗಳು. ನೀರಿನ ಹರಿವು ನುಣುಪು ಕೆಸರನ್ನೂ ಗುಂಡುಗಳನ್ನೂ ಒಟ್ಟಿಗೆ ಹೀಗೆ ಬಿಟ್ಟುಹೋಗುವುದಿಲ್ಲ. ಇದು ಮಂಜುಗಡ್ಡೆಯ ಕೆಲಸ ಅಂದರು. ಉಷ್ಣವಲಯದಲ್ಲಿ ಮಂಜುಗಡ್ಡೆ ಅಂದರೆ ಯಾರು ನಂಬುತ್ತಾರೆ? ಮುಂದೆ ಚಂದ್ರಾಪುರದ ಕಡೆ ಗೀರು ಬಿದ್ದ ಗುಂಡುಗಳೂ, ಉಜ್ಜಿ ನುಣುಪಾದ ನೆಲಗಲ್ಲೂ ಸಿಕ್ಕವು. 1875ರಲ್ಲಿ ಫೆಡ್ಡನ್ ಅದನ್ನು ಪ್ರಕಟಿಸಿದ ಮೇಲೆ ಮಾತು ಗಟ್ಟಿಯಾಯಿತು.

ಡಬ್ಲ್ಯು. ಟಿ. ಬ್ಲಾನ್‌ಫರ್ಡ್ ಆಮೇಲೆ ದಾಮೋದರ ಕಣಿವೆಗೆ ಬಂದು ಬಂಗಾಳದ ರಾಣಿಗಂಜ್ ಕಲ್ಲಿದ್ದಲು ಕ್ಷೇತ್ರದ ನಕ್ಷೆ ಮಾಡಿದರು. ವರದಿ 1861ರಲ್ಲಿ ಬಂತು. ಕೆಳಗಿನಿಂದ ಮೇಲಕ್ಕೆ ತಾಲ್ಚಿರ್, ಬರಾಕರ್, ಕಬ್ಬಿಣಗಲ್ಲಿನ ಶೇಲ್, ರಾಣಿಗಂಜ್, ಪಂಚೇತ್. ಶೇಲ್ ಅಂದರೆ ಹಾಳೆ ಹಾಳೆಯಾಗಿ ಒಡೆಯುವ ಜೇಡಿಗಲ್ಲು. ಈ ಸಾಲು ಇವತ್ತಿಗೂ ಬಹುಮಟ್ಟಿಗೆ ಹಾಗೇ ಇದೆ. ಆದರೆ ವಯಸ್ಸಿನ ವಿಷಯದಲ್ಲಿ ದೊಡ್ಡ ಜಗಳವೇ ನಡೆಯಿತು. ಪಳೆಯುಳಿಕೆ ಗಿಡಗಳನ್ನು ಓದಿದ ಒಟ್ಟೊಕಾರ್ ಫೈಸ್ಟ್‌ಮಾಂಟೆಲ್, ಕಲ್ಲಿದ್ದಲಿನ ಈ ಪದರಗಳು ಪರ್ಮಿಯನ್ ಆದಮೇಲೆ ಬಂದ ಟ್ರಯಾಸಿಕ್ ಕಾಲದವು ಅಂತ ವಾದಿಸಿದರು. ಬ್ಲಾನ್‌ಫರ್ಡ್ ಆಸ್ಟ್ರೇಲಿಯಾದ ಪದರಗಳ ಜೊತೆ ಹೋಲಿಸಿ, ಇಲ್ಲ, ಇವು ಇನ್ನೂ ಹಳೆಯವು ಅಂದರು. ಸಾಲ್ಟ್ ರೇಂಜಿನ ಗುಂಡುಕಲ್ಲುಗಳ ಮೇಲೆ ಸಮುದ್ರದ ಪಳೆಯುಳಿಕೆಗಳು ಸಿಕ್ಕವು. ಮುಂದೆ ಮಧ್ಯಭಾರತದ ಉಮರಿಯಾ, ಮನೇಂದ್ರಗಢದಲ್ಲೂ ಸಮುದ್ರದ ಚಿಪ್ಪುಗಳು ಸಿಕ್ಕವು. ಬರಾಕರ್ ಪರ್ಮಿಯನ್ನಿನ ಮೊದಲ ಭಾಗದ್ದು, ರಾಣಿಗಂಜ್ ಕೊನೆಯ ಭಾಗದ್ದು ಅಂತ ಈಗ ಒಪ್ಪಿಕೊಂಡಿದ್ದೇವೆ. ಇಷ್ಟೆಲ್ಲಾ ಜಗಳದಲ್ಲಿ ಬರಾಕರ್ ಅನ್ನುವ ಹೆಸರಿಗೆ ಏನೂ ಆಗಲಿಲ್ಲ. ಬರಾಕರ್ ನದಿಯ ದಡದ ಕಲ್ಲು ಅದು, ಟ್ರಯಾಸಿಕ್ ಆದರೂ ಅದೇ, ಪರ್ಮಿಯನ್ ಆದರೂ ಅದೇ.

ಅದೇ ಸಾಲಿನಲ್ಲಿ ಪೆಟ್ಟು ತಿಂದದ್ದು ಊರಿನ ಹೆಸರಿಲ್ಲದ ಕಬ್ಬಿಣಗಲ್ಲಿನ ಶೇಲ್. ರಾಣಿಗಂಜಿನಲ್ಲಿ ಅದರೊಳಗಿನ ಕಬ್ಬಿಣದ ಗಂಟುಗಳನ್ನು ತೆಗೆದು ಕುಲ್ಟಿಯಲ್ಲಿ ಕರಗಿಸುತ್ತಿದ್ದರು, ಹಾಗಾಗಿ ಅಲ್ಲಿ ಆ ಹೆಸರು ಸರಿ. ಪಕ್ಕದ ಝರಿಯಾದಲ್ಲಿ ಅದೇ ಮಟ್ಟದ ಕಲ್ಲಿನಲ್ಲಿ ಮರಳುಗಲ್ಲು ಜಾಸ್ತಿ. ಗಣಿಯವರಿಗೆ ಬೇಕಾದ ಕಲ್ಲಿದ್ದಲು ಅಲ್ಲಿರಲಿಲ್ಲ. ಅದಕ್ಕೆ ಬ್ಯಾರನ್ ಮೆಷರ್ಸ್, ಅಂದರೆ ಬಂಜೆ ಪದರಗಳು ಅಂತ ಹೆಸರಾಯಿತು. ಈ ಹೆಸರೇ ಕೊನೆಗೆ ಹೆಚ್ಚು ಕಡೆ ಉಳಿಯಿತು, ಕುಲ್ಟಿ ಅನ್ನುವ ಜಾಗದ ಹೆಸರನ್ನು ಬಳಸುವವರೂ ಇದ್ದಾರೆ. 2011ರ ಜನವರಿಯಲ್ಲಿ ಒಎನ್‌ಜಿಸಿ ದುರ್ಗಾಪುರದ ಹತ್ತಿರ ಕೊರೆದ ಬಾವಿಯಲ್ಲಿ ಸುಮಾರು 1,700 ಮೀಟರ್ ಆಳದಿಂದ ಶೇಲ್ ಗ್ಯಾಸ್ ಬಂತು. ಬಂದದ್ದು ಈ ಬ್ಯಾರನ್ ಮೆಷರ್ಸ್‌ನಿಂದಲೇ. ಬಂಜೆ ಅಂತ ಕರೆದದ್ದು ಒಂದು ಕಾಲದ ಗಣಿಯ ಲೆಕ್ಕಾಚಾರ, ಕಲ್ಲಿನ ಗುಣವಲ್ಲ. ನನ್ನ ಕೇಳಿದರೆ ಕುಲ್ಟಿ ಅನ್ನುವ ಹೆಸರೇ ವಾಸಿ.

ಹಾಗಂತ ತೋಚಿದಾಗಲೆಲ್ಲ ಹೆಸರು ಬದಲಿಸುವಂತಿಲ್ಲ. ಊರಿನ ಕಾಗುಣಿತ ಈಗ ತಾಲ್ಚೇರ್, ಪದರದ ಹೆಸರು ಮಾತ್ರ ತಾಲ್ಚಿರ್. ನದಿ ದಾಮೋದರ, ಅಲ್ಲಿನ ಕಲ್ಲಿದ್ದಲು ಪದರಗಳ ಗ್ರೂಪಿನ ಹೆಸರು ದಾಮುದಾ. ಊರಿನ ಹೆಸರು ಬದಲಾದರೂ ಪದರದ ಹೆಸರು ಬದಲಾಗಬೇಕಿಲ್ಲ ಅನ್ನುವುದೇ ನಿಯಮ. ನೂರೈವತ್ತು ವರ್ಷದ ವರದಿಗಳು, ನಕ್ಷೆಗಳು, ಬೋರ್‌ಹೋಲ್ ದಾಖಲೆಗಳು ಆ ಹೆಸರಿನಲ್ಲೇ ಇವೆ. ಅವು ನಾಳೆ ಓದುವವರಿಗೆ ಅರ್ಥವಾಗಬೇಕು.

ಪದರವನ್ನು ಪಾಲು ಮಾಡಬೇಕಾದಾಗ ಏನು ಮಾಡುತ್ತಾರೆ? ಹಿಮಾಚಲದ ಸ್ಪಿತಿ ಕಣಿವೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಪರ್ಮಿಯನ್ ಪದರಗಳಿಗೆ ಭೂವಿಜ್ಞಾನಿ ಸ್ಟೊಲಿಜ್ಕಾ 1860ರ ದಶಕದಲ್ಲೇ ಕುಲಿಂಗ್ ಅನ್ನುವ ಹೆಸರು ಕೊಟ್ಟಿದ್ದರು. ಆಮೇಲೆ ಬಂದವರು ಅದರ ಕಪ್ಪು ಶೇಲ್‌ಗೆ ಪ್ರಾಡಕ್ಟಸ್ ಶೇಲ್ ಅಂದರು. ಹೇಡನ್ ಅವರ 1904ರ ವರದಿಯಲ್ಲೂ ಅದೇ ಹೆಸರು. ಅಲ್ಲಿಯೂ ಅದೇ ಚಿಪ್ಪು, ಅದೇ ಕಷ್ಟ! 1981ರಲ್ಲಿ ಎಸ್. ವಿ. ಶ್ರೀಕಂಠಯ್ಯ ಸ್ಪಿತಿಯ ಪದರಗಳನ್ನು ಹೊಸ ನಿಯಮದ ಪ್ರಕಾರ ಜೋಡಿಸಿದರು. ಅವರು ಮುಂದೆ ಬೆಂಗಳೂರಿನಲ್ಲಿರುವ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾಕ್ಕಾಗಿ ದುಡಿದವರು. ಒ. ಎನ್. ಭಾರ್ಗವ ಅವರ ಜೊತೆ ಬರೆದ ಹಿಮಾಚಲದ ಭೂವಿಜ್ಞಾನದ ಪುಸ್ತಕವನ್ನು 1998ರಲ್ಲಿ ಆ ಸೊಸೈಟಿಯೇ ಪ್ರಕಟಿಸಿತು. ಸ್ಪಿತಿಯ ಕಲ್ಲನ್ನು ಓದಬೇಕಾದವರು ಬೆಂಗಳೂರಿನಿಂದ ಪುಸ್ತಕ ತರಿಸಿಕೊಳ್ಳುತ್ತಾರೆ ಅಂದರೆ ನನಗೆ ತುಂಬಾ ಹೆಮ್ಮೆ.

ಶ್ರೀಕಂಠಯ್ಯನವರು ಕುಲಿಂಗ್ ಫಾರ್ಮೇಶನ್ನಿನೊಳಗೆ ಎರಡು ಮೆಂಬರ್ ಗುರುತಿಸಿದರು. ಕೆಳಗಿನ ಮರಳುಗಲ್ಲು ಗೆಚಾಂಗ್, ಮೇಲಿನ ಕಪ್ಪು ಶೇಲ್ ಗುಂಗ್ರಿ. ಈಗ ಬಹಳ ಜನ ಆ ಎರಡನ್ನೂ ಫಾರ್ಮೇಶನ್ ಅಂತಲೇ ಬರೆಯುತ್ತಾರೆ. ಕುಲಿಂಗ್ ಗ್ರೂಪ್ ಆಗಿದೆ. ಜಮೀನು ಪೋಡಿಯಾದಾಗ ಮೂಲ ಸರ್ವೆ ನಂಬರ್ ಹಾಗೇ ಇಟ್ಟು ಕೆಳಗೆ ಹಿಸ್ಸಾ ನಂಬರ್ ಕೊಡುತ್ತಾರಲ್ಲ, ಹಾಗೆ. ಒಬ್ಬನ ಪಾಲಿಗೆ ಮಾತ್ರ ಹಳೆಯ ನಂಬರ್ ಕೊಟ್ಟರೆ ಹಳೆಯ ಪತ್ರ ನೋಡುವವರಿಗೆ ಗೊಂದಲ. ಕುಲಿಂಗ್ ಅನ್ನುವ ಹೆಸರನ್ನು ಶೇಲ್‌ಗೆ ಮಾತ್ರ ಉಳಿಸಿದ್ದರೂ ಅದೇ ಗೊಂದಲ ಆಗುತ್ತಿತ್ತು.

ಇನ್ನು ಕಾಲದ ಕಡೆ ಬರೋಣ. ಪರ್ಮಿಯನ್ ಅನ್ನುವುದೂ ಜಾಗದಿಂದ ಬಂದ ಹೆಸರೇ. ರಷ್ಯಾದ ಪೆರ್ಮ್ ಸೀಮೆಯನ್ನು ಸುತ್ತಿ ಬ್ರಿಟಿಷ್ ಭೂವಿಜ್ಞಾನಿ ಮರ್ಚಿಸನ್ 1841ರಲ್ಲಿ ಇಟ್ಟದ್ದು. ಅವರ ಪರ್ಮಿಯನ್ ಇವತ್ತಿನದಕ್ಕಿಂತ ಚಿಕ್ಕದು. ಆಮೇಲೆ ರಷ್ಯನ್ ಭೂವಿಜ್ಞಾನಿಗಳು ಅದರ ಕೆಳಗಡಿಯನ್ನು ಹಂತ ಹಂತವಾಗಿ ಕೆಳಗೆ ತಂದರು. ಕಾರ್ಬೊನಿಫೆರಸ್ ಅನ್ನಿಸಿಕೊಂಡಿದ್ದ ಪದರಗಳು ಪರ್ಮಿಯನ್ ಆದವು. ಈಗ ಬುಡದ ಗಡಿಯನ್ನು ಕಝಾಕಿಸ್ತಾನದ ಐದರಲಾಶ್ ತೊರೆಯ ದಡದಲ್ಲಿ ಗುರುತಿಸಿದ್ದಾರೆ, 1996ರಲ್ಲಿ. ತುದಿಯ ಗಡಿ 2001ರಿಂದ ಚೀನಾದ ಮೈಶಾನ್‌ನಲ್ಲಿ. ನಮ್ಮ ಕಾಶ್ಮೀರದ ಗುರ್ಯುಲ್ ಕಣಿವೆಯೂ ಆ ಗೌರವಕ್ಕೆ ಸ್ಪರ್ಧೆಯಲ್ಲಿತ್ತು.

ಮೈಶಾನಿನ ಗಡಿ ಒಂದು ಸೂಕ್ಷ್ಮ ಪಳೆಯುಳಿಕೆ ಮೊದಲು ಕಾಣಿಸುವ ಜಾಗ. ಅದನ್ನು ಹಿಡಿದು ಸಾಲ್ಟ್ ರೇಂಜಿಗೆ ಮತ್ತೆ ಹೋದರೆ ಏನಾಗುತ್ತದೆ ನೋಡಿ. ಛಿದ್ರು ಮುಗಿದು ಅದರ ಮೇಲಿನ ಕಥ್ವಾಯಿ ಮೆಂಬರ್ ಶುರುವಾಗುವ ಕಡೆ ಕಲ್ಲು ಥಟ್ಟನೆ ಬದಲಾಗುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಹಳಬರು ಪರ್ಮಿಯನ್ ಅಲ್ಲೇ ಮುಗಿಯಿತು ಅಂದುಕೊಂಡಿದ್ದರು. ಆದರೆ ಕಾಲದ ಗಡಿ ಬೀಳುವುದು ಅದಕ್ಕಿಂತ ಮೇಲೆ, ಕಥ್ವಾಯಿಯ ಒಳಗೆ. ಗುರ್ಯುಲ್‌ನಲ್ಲೂ ಹಾಗೇ, ಗಡಿ ಇರುವುದು ಖುನಮೂಹ್ ಫಾರ್ಮೇಶನ್ನಿನ ಒಳಗೆ. ಭೂಮಿಯ ಚರಿತ್ರೆಯ ಅತಿ ದೊಡ್ಡ ಜೀವನಾಶ ನಡೆದ ಕಾಲ ಅದು. ಕಲ್ಲು ಬದಲಾದದ್ದು ಮೊದಲೋ, ಜೀವಿಗಳು ಸತ್ತದ್ದು ಮೊದಲೋ ಅನ್ನುವ ಪ್ರಶ್ನೆಯನ್ನು ಕೇಳುವುದಕ್ಕೇ ಎರಡು ಗಡಿಗಳನ್ನು ಬೇರೆ ಬೇರೆ ಎಳೆಯಬೇಕು. ಒಂದೇ ಗೆರೆ ಎಳೆದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಇನ್ನೂ ಬಗೆಹರಿಯದ ಒಂದು ವಿಷಯ ಇದೆ. ಅದು ನಮಗೆ ಹತ್ತಿರದ್ದು. ರಾಯಚೂರಿಗೆ ಕಲ್ಲಿದ್ದಲು ಬರುವ ಗೋದಾವರಿ ಕಣಿವೆಯಲ್ಲಿ ಬರಾಕರ್ ಮಟ್ಟಕ್ಕಿಂತ ಮೇಲೆ ಕಾಮ್ಠಿ ಅನ್ನುವ ದಪ್ಪನೆಯ ಪದರ ಇದೆ. ಹೆಸರು ನಾಗಪುರದ ಹತ್ತಿರದ ಊರಿನದು. ಇದರ ಕೆಳಭಾಗ ಪರ್ಮಿಯನ್, ಮೇಲ್ಭಾಗ ಟ್ರಯಾಸಿಕ್. ಕೆಳಭಾಗದಲ್ಲಿ ಕಲ್ಲಿದ್ದಲೂ ಇದೆ. ಅದರಲ್ಲಿ ಸಿಗುವ ಪರಾಗಕಣಗಳು ರಾಣಿಗಂಜಿನವನ್ನು ಹೋಲುತ್ತವೆ. ಹಾಗಾಗಿ ಕೆಲವರು ಅದನ್ನು ರಾಣಿಗಂಜ್ ಫಾರ್ಮೇಶನ್ ಅಂತಲೇ ಬರೆಯುತ್ತಾರೆ. ಇನ್ನು ಕೆಲವರು ಕೆಳ ಕಾಮ್ಠಿ ಅನ್ನುತ್ತಾರೆ.

ನನಗೆ ರಾಣಿಗಂಜ್ ಅನ್ನುವುದು ಸರಿ ಕಾಣುವುದಿಲ್ಲ. ಪರಾಗ ಹೇಳುವುದು ಕಾಲವನ್ನು. ಎರಡೂ ಒಂದೇ ಕಾಲದವು ಅಂತ ಧಾರಾಳವಾಗಿ ಹೇಳಲಿ. ಆದರೆ ಬಂಗಾಳದ ಕಲ್ಲನ್ನು ನೂರಾರು ಕಿಲೋಮೀಟರ್ ಹಿಂಬಾಲಿಸಿ ತೆಲಂಗಾಣದವರೆಗೆ ಬಂದವರು ಯಾರೂ ಇಲ್ಲ. ಬರಾಕರ್ ಹೆಸರೂ ಅಲ್ಲಿಂದಲೇ ಬಂತಲ್ಲ ಅಂತ ನೀವು ಕೇಳಬಹುದು. ನಿಜ. ಅದು ಎಲ್ಲ ದಾಖಲೆಗಳಲ್ಲೂ ಬೇರುಬಿಟ್ಟಿದೆ, ಈಗ ಕಿತ್ತರೆ ಅನುಕೂಲಕ್ಕಿಂತ ತೊಂದರೆಯೇ ಜಾಸ್ತಿ. ಕೆಳ ಕಾಮ್ಠಿಯ ಹೆಸರು ಇನ್ನೂ ಹಾಗೆ ಬೇರುಬಿಟ್ಟಿಲ್ಲ. ಅದಕ್ಕೆ ಗೋದಾವರಿ ಕಣಿವೆಯದೇ ಒಂದು ಊರಿನ ಹೆಸರು ಕೊಡಬಹುದು. ನೆಲದ ಮೇಲೆ ಒಳ್ಳೆಯ ಭಾಗ ಕಾಣಿಸದಿದ್ದರೂ ತೊಂದರೆಯಿಲ್ಲ, ಬೋರ್‌ಹೋಲ್ ಕೋರನ್ನೇ, ಅಂದರೆ ಕೊರೆದಾಗ ಹೊರಗೆ ಬರುವ ಕಲ್ಲಿನ ಕಂಬವನ್ನೇ, ಮಾದರಿಯಾಗಿ ಇಡುವುದಕ್ಕೆ ನಿಯಮದಲ್ಲಿ ಅವಕಾಶ ಇದೆ. ಆ ಕೋರ್‌ಗಳನ್ನು ಜೋಪಾನವಾಗಿ ಇಟ್ಟು, ಮೀಟರ್ ಮೀಟರಿಗೆ ವಿವರ ಬರೆದು ಪ್ರಕಟಿಸುವ ಕೆಲಸ ಆಗಬೇಕು. ಇಲ್ಲಿ ಕೂತಿರುವ ಎಂ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಯಾರಾದರೂ ಪಿಎಚ್.ಡಿ.ಗೆ ವಿಷಯ ಹುಡುಕುತ್ತಿದ್ದರೆ, ದಯವಿಟ್ಟು ಇದನ್ನು ಯೋಚಿಸಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.